ಹಿಟ್ಟು ಉಂಡೋರ ಮೂಳೆ

ಹೋದ ವರ್ಷ ಕಾರ್ತಿಕದಲ್ಲಿ ನಮ್ಮತ್ತೆ ಬಚ್ಚಲ ಮನೇಲಿ ಬಿದ್ರು. ಬಿದ್ರು ಅನ್ನೋಕಿಂತ ಕುಸಿದ್ರು ಅನ್ನಬೇಕು. ಗೋಡೆ ಹಿಡ್ಕೊಂಡೇ ಹಂಗೇ ಜಾರಿ ಕೂತ್ರು, ಮತ್ತೆ ಏಳೋಕೆ ಆಗಲಿಲ್ಲ. ಸೊಂಟದ ಹತ್ರ ತೊಡೆ ಮೂಳೆ ಮುರಿದಿತ್ತು. ನೋಡೋಕೆ ಬಂದೋರೆಲ್ಲ ಒಂದೇ ಮಾತು: "ಅಲ್ಲ ಕಣವ್ವ, ಹಿಟ್ಟು ಉಂಡ ಮೂಳೆ, ಅದೆಂಗೆ ಮುರೀತು?"

ನಮ್ಮ ಕೋಡಿಹಳ್ಳಿ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನೋದು. "ಹಿಟ್ಟು ಉಂಡೆಯಾ?" ಅಂದ್ರೆ ಊಟ ಆಯ್ತಾ ಅಂತ ಅರ್ಥ. ಹಿಟ್ಟು ಉಂಡೋರಿಗೆ ಬೆಟ್ಟ ಕಿತ್ತಿಡೋ ಶಕ್ತಿ, ಅನ್ನ ಉಂಡೋರು ಸುಣ್ಣದಂಗೆ ಅಂತ ನಾನೂ ಹುಟ್ಟಿದಾಗಿಂದ ಕೇಳಿದೀನಿ, ನನ್ನ ಮಕ್ಕಳಿಗೂ ಹೇಳಿದೀನಿ. ಆದ್ರೆ ನಮ್ಮತ್ತೆ ಎಂಬತ್ತು ವರ್ಷ ಮೂರು ಹೊತ್ತೂ ಹಿಟ್ಟು ಉಂಡೋರು. ಅವರ ಮೂಳೆ ಒಂದು ಕುಸಿತಕ್ಕೆ ಮುರೀತು. ಆ ಪ್ರಶ್ನೆ ತಲೇಲಿ ಕೂತುಬಿಡ್ತು. ಆಸ್ಪತ್ರೆ ವಾರ್ಡಿನಲ್ಲಿ ರಾತ್ರಿ ಕೂತಿರುವಾಗ ಬೇರೆ ಕೆಲಸ ಏನಿರುತ್ತೆ? ಮಗಳು ಇತಿಹಾಸ ಎಂ.ಎ. ಓದುವಾಗ ತಂದಿದ್ದ ಪುಸ್ತಕಗಳು ಮನೇಲಿದ್ವು. ಒಂದೊಂದೇ ತಂದು ಓದಿದೆ. ಓದಿದ್ದನ್ನೂ ಕಂಡಿದ್ದನ್ನೂ ಸೇರಿಸಿ ಬರೀತಿದೀನಿ.

ಮೊದಲು ರಾಗಿ ಮಾತು. ರಾಗಿ ನಮ್ಮದೇ ಅಂತ ನಾವು ಎದೆ ತಟ್ಕೊಂಡ್ರೂ ಅದು ಮೂಲದಲ್ಲಿ ಆಫ್ರಿಕಾದ ಕಾಳು. ಇಥಿಯೋಪಿಯಾ, ಉಗಾಂಡ ಕಡೆ ಹುಟ್ಟಿ ಸಾವಿರಾರು ವರ್ಷದ ಹಿಂದೆಯೇ ಸಮುದ್ರ ದಾಟಿ ಬಂತಂತೆ. ಬಂದಿದ್ದು ಸರಿಯಾದ ಜಾಗಕ್ಕೇ ಬಂತು. ನಮ್ಮ ಕನಕಪುರ ಸೀಮೆ ಅಂದ್ರೆ ಬಂಡೆ, ಕುರುಚಲು ಕಾಡು, ಕೆಂಪು ಮಣ್ಣು. ಕಾವೇರಿ ಪಕ್ಕದಲ್ಲೇ ಹರಿದ್ರೂ ಕೆಳಗೆ ಕೊರಕಲಲ್ಲಿ ಹರೀತಾಳೆ, ನಮ್ಮ ಹೊಲಕ್ಕೆ ಹತ್ತಲ್ಲ. ಮಂಡ್ಯದೋರಿಗೆ ನಾಲೆ ಬಂತು, ನಮಗೆ ಮೋಡ. ಇಂಥ ಕಡೆ ರಾಗಿ ಬಿಟ್ಟು ಇನ್ನೇನು ಬೆಳೆಯೋಕಾಗುತ್ತೆ?

ಟಿಪ್ಪು ಸುಲ್ತಾನ್ ಸತ್ತಿದ್ದು 1799ರಲ್ಲಿ. ಮಾರನೇ ವರ್ಷವೇ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆ ಎಲ್ಲ ಸುತ್ತಿ ನೋಡಿ ಬಾ ಅಂತ ಕಳಿಸ್ತು. ಅವನು ಬರೆದ ಮೂರು ದಪ್ಪ ಸಂಪುಟ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಒಣ ಹೊಲದ ಬೆಳೆಗಳಲ್ಲೆಲ್ಲ ರಾಗೀನೇ ಮುಖ್ಯ, ಸಾಮಾನ್ಯ ಜನದ ದಿನದ ಊಟ ಅದೇ ಅಂತ ಅವನೂ ಬರೆದ. ಅವನಿಗಿಂತ ಎಷ್ಟೋ ಮುಂಚೆ ನಮ್ಮ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ತಂದಿಟ್ಟು, ಶ್ರೀರಾಮನ ಕೈಲಿ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ್ರು. ಭತ್ತ ಸೊರಗಿಹೋಯ್ತು, ರಾಗಿ ಹಂಗೇ ಇತ್ತು. ದೊಡ್ಡೋರು ಅದಕ್ಕೆ ಜಾತಿ ಮೇಲು ಕೀಳು ಅಂತ ಅರ್ಥ ಹೇಳ್ತಾರೆ, ಸರಿಯೇ. ನನಗೆ ಮಾತ್ರ ಅಲ್ಲಿ ಮನೆವಾರ್ತೆ ವಿಷಯವೂ ಕಾಣುತ್ತೆ. ರಾಗಿಗೆ ಹುಳ ಬೀಳಲ್ಲ, ವರ್ಷಗಟ್ಟಲೆ ಇಡಬಹುದು.

ಇಡ್ತಿದ್ದಿದ್ದು ಹಗೇವಿನಲ್ಲಿ. ಈಗಿನ ಮಕ್ಕಳಿಗೆ ಹಗೇವು ಅಂದ್ರೆ ಗೊತ್ತಿಲ್ಲ. ನೆಲದೊಳಗೆ ಹೂಜಿ ಥರ ತೋಡಿದ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತೋರು. ತೆಗೆದ ದಿನ ಒಳಗೆ ಕೆಟ್ಟ ಗಾಳಿ ಇರುತ್ತೆ ಅಂತ ಮೊದಲು ದೀಪ ಇಳಿಸಿ ನೋಡೋರು, ಆರಿಹೋದ್ರೆ ಯಾರೂ ಇಳೀತಿರಲಿಲ್ಲ. ನಮ್ಮ ತವರಿನ ಹಿತ್ತಲಲ್ಲಿ ಒಂದಿತ್ತು, ಈಗ ಅದರ ಮೇಲೆ ನೀರಿನ ಸಂಪು ಬಂದಿದೆ. ಆದ್ರೆ ಹಗೇವೂ ಎಷ್ಟು ದಿನ ಕಾಯುತ್ತೆ? 1876ರಿಂದ 78ರವರೆಗೆ ಮಳೆ ಕೈ ಕೊಟ್ಟಾಗ ಹಗೇವು ಬರಿದಾಗಿ ಜನ ಸೊಪ್ಪು ಸದೆ ತಿಂದು ಸತ್ತರು. ಧಾತು ಈಶ್ವರ ಬರ ಅಂತ ಹಳಬರು ಹೇಳ್ತಿದ್ದಿದ್ದು ಅದನ್ನೇ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷ ದಾಟಿದ್ದ ಜನ 1881ರ ಗಣತಿಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ರು. ಹಿಂದಿನೋರೆಲ್ಲ ಗಟ್ಟಿ ಮೂಳೆಯೋರು ಅನ್ನೋವಾಗ ಇದನ್ನೂ ಸ್ವಲ್ಪ ನೆನೀಬೇಕು. ಗಟ್ಟಿ ಇದ್ದೋರಷ್ಟೇ ಉಳಿದು ನಮ್ಮ ಕಣ್ಣಿಗೆ ಬಿದ್ರೋ ಏನೋ.

ರಾಗೀಲಿ ಮೂಳೆಗೆ ಬೇಕಾದ್ದು ಇದೆ ಅಂತ ಲೆಕ್ಕ ಹಾಕಿ ತೋರಿಸಿದ್ದು ನೀಲಗಿರಿಯ ಕೂನೂರಿನ ಪ್ರಯೋಗಾಲಯದೋರು. ಅಲ್ಲಿದ್ದ ಏಕ್ರಾಯ್ಡ್ ಅನ್ನೋ ಡಾಕ್ಟರು 1937ರಲ್ಲಿ ನಮ್ಮ ದೇಶದ ಊಟದ ಪದಾರ್ಥಗಳಲ್ಲಿ ಏನೇನಿದೆ ಅಂತ ಒಂದು ಸಣ್ಣ ಪುಸ್ತಕ ತಂದ್ರು. ಅದೇ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ಅವರ ಪಟ್ಟಿ ಪ್ರಕಾರ 100 ಗ್ರಾಂ ರಾಗೀಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ. 2017ರ ಹೊಸ ಪಟ್ಟೀಲಿ 364. ಅಕ್ಕೀಲಿ ಹತ್ತು ಮಿಲಿಗ್ರಾಂ ಆಸುಪಾಸು. ಹಸುವಿನ ಹಾಲಿನಲ್ಲಿ 120. ಧಾನ್ಯಗಳಲ್ಲಿ ರಾಗಿಗೆ ಸಮ ಇನ್ನೊಂದಿಲ್ಲ.

ನಾನು ಅಡುಗೆ ಮನೆ ತಕ್ಕಡೀಲಿ ತೂಗಿ ನೋಡಿದೆ. ನಮ್ಮ ಮನೆ ಒಂದು ಮುದ್ದೆಗೆ ಹೆಚ್ಚು ಕಮ್ಮಿ 100 ಗ್ರಾಂ ಹಿಟ್ಟು ಬೀಳುತ್ತೆ. ದಿನಕ್ಕೆ ಮೂರು ಮುದ್ದೆ ಉಂಡ್ರೆ 1000 ಮಿಲಿಗ್ರಾಂ ಅಲ್ಲೇ ಆಯ್ತು. ದೊಡ್ಡೋರಿಗೆ ದಿನಕ್ಕೆ ಅಷ್ಟೇ ಬೇಕು ಅಂತ 2020ರಲ್ಲಿ ಐಸಿಎಂಆರ್ ಹೇಳಿದೆ, ಮುಟ್ಟು ನಿಂತ ಹೆಂಗಸರಿಗೆ 1200. ಇದರ ಜೊತೆ ಹುರುಳಿ ಸಾರು, ನುಗ್ಗೆ ಸೊಪ್ಪು, ಹೊನಗೊನ್ನೆ ಸೊಪ್ಪು, ಹುಚ್ಚೆಳ್ಳು ಚಟ್ನಿ. ಎಲ್ಲದರಲ್ಲೂ ಕ್ಯಾಲ್ಸಿಯಂ ಇರೋದೇ. ಅಕ್ಕಡಿ ಸಾಲು ಅಂತ ರಾಗಿ ಹೊಲದೊಳಗೇ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕ್ತಿದ್ರಲ್ಲ, ಒಂದು ಹೊಲ ಅಂದ್ರೆ ಒಂದು ತಟ್ಟೆ ಊಟ. ಸೊಪ್ಪಿನ ಬಸ್ಸಾರು ಮಾಡೋಳು ಪಟ್ಟಿ ನೋಡಿ ಮಾಡ್ತಿರಲಿಲ್ಲ, ಹೊಲದಲ್ಲಿ ಏನಿತ್ತೋ ಅದು ಒಲೆ ಮೇಲೆ ಬರ್ತಿತ್ತು. ರಾಗೀಲಿರೋದೆಲ್ಲ ಮೈಗೆ ಹತ್ತಲ್ಲ, ಅದರಲ್ಲಿ ಫೈಟೇಟ್ ಅನ್ನೋದೊಂದು ಕ್ಯಾಲ್ಸಿಯಂನ ಕಟ್ಟಿಹಾಕುತ್ತೆ ಅಂತಾರೆ. ಮೊಳಕೆ ಕಟ್ಟಿದ್ರೆ, ಹುಳಿ ಬರಿಸಿದ್ರೆ ಆ ಕಟ್ಟು ಸಡಿಲ ಆಗುತ್ತೆ. ರಾತ್ರಿ ಕಲಸಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕುಡೀತಿದ್ದ ಅಂಬಲಿ ಇನ್ನೇನು ಮತ್ತೆ?

ಇಷ್ಟು ಓದೋ ಹೊತ್ತಿಗೆ ನನಗೂ ಹೆಮ್ಮೆ ಬಂದಿತ್ತು. ಆಮೇಲೆ ನಮ್ಮಜ್ಜಿ ನೆನಪಾದ್ರು.

ನಮ್ಮಜ್ಜಿ, ಅಂದ್ರೆ ಅವ್ವನ ಅವ್ವ, ನಾನು ಕಂಡಾಗಲೇ ಬಾಗಿಹೋಗಿದ್ರು. ಕಸ ಗುಡಿಸೋರ ಥರ ಸೊಂಟ ಬಗ್ಗಿ ನೆಲ ನೋಡ್ಕೊಂಡೇ ನಡೆಯೋರು. ಮುಖ ನೋಡಬೇಕಂದ್ರೆ ನಾವು ಕೂರಬೇಕಿತ್ತು. ಆಗ ಅವರಿಗೆ ಅರವತ್ತೂ ಆಗಿರಲಿಲ್ಲ. ವಯಸ್ಸಾಯ್ತು ಬಗ್ಗಿದೆ ಅಂತ ಎಲ್ಲರೂ ಅನ್ಕೊಂಡಿದ್ವಿ. ತಾತ ಅವರಿಗಿಂತ ಹತ್ತು ವರ್ಷ ದೊಡ್ಡೋರು, ಕೊನೇವರೆಗೂ ನೆಟ್ಟಗಿದ್ರು. ಒಂದೇ ಮನೆ, ಒಂದೇ ಮಡಕೆ ಹಿಟ್ಟು. ನಿಮ್ಮೂರಲ್ಲೂ ನೆನಪು ಮಾಡ್ಕೊಳಿ, ಬಾಗಿ ನಡೀತಿದ್ದೋರು ಯಾರು? ನನ್ನ ಲೆಕ್ಕಕ್ಕೆ ಸಿಕ್ಕಿದ್ದೆಲ್ಲ ಅಜ್ಜಿಯರೇ. ಅದು ಗೂನು ಅಲ್ಲ, ಬೆನ್ನಿನ ಮೂಳೆ ಟೊಳ್ಳಾಗಿ ಒಂದೊಂದೇ ಕುಸಿದಿರೋದು ಅಂತ ಡಾಕ್ಟರು ಈಗ ಹೇಳ್ತಾರೆ.

ಒಂದೇ ಮಡಕೆ ಅಂದೆ, ಆದ್ರೆ ಒಂದೇ ಊಟ ಆಗಿರಲಿಲ್ಲ. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಆಳುಗಳಿಗೆ ಇಟ್ಟು, ಉಳಿದಿದ್ದು ಹೆಂಗಸರಿಗೆ. ಸೊಪ್ಪಿನ ಪಲ್ಯ ತಳ ಕಂಡಿರ್ತಿತ್ತು, ಸಾರಿನ ನೀರು ಇರ್ತಿತ್ತು. ಮಜ್ಜಿಗೆಗೆ ಆ ಹೊತ್ತಿಗೆ ಮೂರನೇ ಚೊಂಬು ನೀರು ಬಿದ್ದಿರ್ತಿತ್ತು. ಇದು ಯಾರೂ ಕೆಟ್ಟೋರಾಗಿ ಮಾಡಿದ್ದಲ್ಲ, ಹಂಗೇ ನಡೆದಿತ್ತು. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ಹಂಗೇ ಉಂಡಿದೀನಿ.

ಇನ್ನು ಬಾಣಂತನ. ನಮ್ಮತ್ತೆ ಹೆತ್ತಿದ್ದು ಏಳು, ಉಳಿದಿದ್ದು ಐದು. ಹೊಟ್ಟೇಲಿರೋ ಮಗು ಮೂಳೆಗೆ ಬೇಕಾದ್ದನ್ನ ತಾಯಿಂದಲೇ ತಗೊಳ್ಳುತ್ತೆ. ಎದೆಹಾಲಿಗೂ ಕ್ಯಾಲ್ಸಿಯಂ ತಾಯಿ ಮೂಳೆಯಿಂದ ಕರಗಿ ಹೋಗುತ್ತೆ. ಹಾಲು ಬಿಡಿಸಿದ ಮೇಲೆ ಮೂಳೆ ಮತ್ತೆ ತುಂಬ್ಕೊಳ್ಳುತ್ತಂತೆ. ಆದ್ರೆ ತುಂಬ್ಕೊಳ್ಳೋಕೆ ಊಟ ಬೇಕು, ಬಿಡುವು ಬೇಕು. ಒಂದು ಮಗು ಹಾಲು ಬಿಡೋ ಹೊತ್ತಿಗೆ ಇನ್ನೊಂದು ಹೊಟ್ಟೇಲಿ. ಬಾಣಂತಿ ಪಥ್ಯ ಅಂತ ನಮ್ಮ ಮನೇಲಿ ಕೊಡ್ತಿದ್ದಿದ್ದು ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ಹಿಟ್ಟು ಭಾರ, ಸೊಪ್ಪು ಶೀತ, ಮಜ್ಜಿಗೆ ಕೇಳಲೇಬೇಡಿ. ಮೂಳೆಗೆ ಬೇಕಾದ್ದು ಯಾವ್ಯಾವುದೋ ಅದನ್ನೆಲ್ಲ ಆರಿಸಿ ಆರಿಸಿ ಬಿಡಿಸಿದಂಗಿತ್ತು. ಅದೂ ಕತ್ತಲೆ ಕೋಣೇಲಿ, ಗಾಳಿ ಬೀಳಬಾರದು ಅಂತ ಕಿಟಕಿಗೆ ಚೀಲ ಕಟ್ಟಿ, ಐದು ತಿಂಗಳು.

ಕತ್ತಲೆ ಅಂದಾಗ ಕಾಶ್ಮೀರದ ಒಂದು ವಿಷಯ ಹೇಳಬೇಕು. ಅಲ್ಲಿ ಕೆಲಸ ಮಾಡಿದ ಕ್ಯಾಥ್ಲೀನ್ ವಾನ್ ಅನ್ನೋ ಡಾಕ್ಟರಮ್ಮ 1928ರಲ್ಲಿ ಒಂದು ಪುಸ್ತಕ ಬರೆದ್ರು. ಪರದೆಯೊಳಗೆ, ಬಿಸಿಲು ಕಾಣದೆ ಬೆಳೆದ ಹೆಂಗಸರ ಮೂಳೆ ಮೆತ್ತಗಾಗಿ, ಸೊಂಟದ ಗೂಡು ವಕ್ರವಾಗಿ, ಹೆರಿಗೇಲಿ ಪ್ರಾಣಕ್ಕೇ ಬರ್ತಿತ್ತು. ಊಟಕ್ಕಿಂತ ಬೆಳಕಿಲ್ಲದ್ದೇ ಇದಕ್ಕೆ ಕಾರಣ ಅಂತ ಆಕೆ ವಾದ. ಆ ಹೊತ್ತಿಗೆ ವಿಟಮಿನ್ ಡಿ ಅನ್ನೋದು ಗೊತ್ತಾಗಿತ್ತು. ಬಿಸಿಲು ಚರ್ಮಕ್ಕೆ ಬಿದ್ರೆ ಮೈಯೇ ಅದನ್ನ ತಯಾರು ಮಾಡ್ಕೊಳ್ಳುತ್ತೆ, ಅದಿಲ್ಲದಿದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತಲ್ಲ.

ಈ ವಿಷಯದಲ್ಲಿ ನಮ್ಮ ಹಳಬರ ಕೈ ಮೇಲೇ ಇತ್ತು. ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸೋದು, ಬಾವಿಯಿಂದ ತಲೆ ಮೇಲೊಂದು ಕಂಕುಳಲ್ಲೊಂದು ಕೊಡ, ಆಮೇಲೆ ಬಿಸಿಲಲ್ಲಿ ಕಳೆ, ಕುಯ್ಲು, ಕಣ. ಭಾರ ಹೊತ್ತಷ್ಟೂ ಮೂಳೆ ಗಟ್ಟಿಯಾಗುತ್ತೆ. ಅದರಲ್ಲೂ ಮೂವತ್ತರ ಒಳಗೆ ಎಷ್ಟು ಗಟ್ಟಿ ಮಾಡ್ಕೊಂಡ್ವೋ ಅದೇ ನಮ್ಮ ಹಗೇವು. ಆಮೇಲೆ ತೆಗೆದು ಉಣ್ಣೋದೇ ಹೆಚ್ಚು. ಆ ದುಡಿಮೆ ಅವರನ್ನ ಕಾಪಾಡ್ತು, ಇಲ್ಲದಿದ್ರೆ ಆ ಊಟಕ್ಕೆ ಆ ಹೆರಿಗೆಗೆ ನಲವತ್ತಕ್ಕೇ ಬಾಗಿಬಿಡ್ತಿದ್ರು ಅಂತ ನನ್ನ ಅನಿಸಿಕೆ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಯಾಕೆ ಬೇಗ ಸವೆಯುತ್ತೆ ಅಂತ ವಿವರಿಸಿದ್ದು ಅಮೆರಿಕದ ಫುಲ್ಲರ್ ಆಲ್‌ಬ್ರೈಟ್, 1941ರಲ್ಲಿ. ಈಸ್ಟ್ರೋಜನ್ ಅನ್ನೋ ರಸ ಮೂಳೆಗೆ ಕಾವಲು. ಅದು ನಿಂತ ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಕರಗುತ್ತೆ. ಗಂಡಸರಿಗೆ ಹಿಂಗೆ ಒಂದೇ ಸಲ ಕಾವಲು ಹೋಗಲ್ಲ. ತಾತ ನೆಟ್ಟಗಿದ್ದು ಅಜ್ಜಿ ಬಾಗಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರ್ಕೊಂಡಿದೆ. ಮೂವತ್ತೈದು ಮೂವತ್ತೆಂಟಕ್ಕೇ "ತೆಗೆಸಿಬಿಡಿ, ರಗಳೆ ಇರಲ್ಲ" ಅಂತ ಗರ್ಭಕೋಶ ತೆಗೆಸ್ಕೊಂಡೋರು ಎಷ್ಟು ಜನ ಇದ್ದಾರೆ ನೋಡಿ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ರೆ ಆ ಕಾವಲು ಅವತ್ತೇ ಹೋಯ್ತು. ಹೋಗಿದೆ ಅಂತ ಅವರಿಗೆ ಯಾರೂ ಹೇಳಿರಲ್ಲ. ನಮ್ಮ ಓರಗಿತ್ತಿ ಒಬ್ಬರಿಗೆ ಹಂಗೇ ಆಗಿದೆ. ಏನೇನು ತೆಗೆದ್ರು ಅಂತ ಚೀಟಿ ಸಹ ಅವರ ಹತ್ರ ಇಲ್ಲ.

ಹಂಗಂತ ಮೂಳೆ ಕಾಯಿಲೆಗೆಲ್ಲ ಊಟವೇ ಕಾರಣ ಅಂತಲೂ ಹೇಳಕ್ಕಾಗಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಜನರ ಸೊಂಟ, ಮಂಡಿ ಕೀಲು ಸವೆದು ನಡೆಯೋಕಾಗದೆ ತೆವಳೋ ಸ್ಥಿತಿ ಬಂದಿದ್ದು ಬೆಳಕಿಗೆ ಬಂತು. ಹೆಚ್ಚಿನೋರು ಗದ್ದೇಲಿ ದುಡಿಯೋ ಬಡ ದಲಿತರು. ಗದ್ದೆಗೆ ಹೊಡೆದ ಔಷಧಿ ಏಡಿಗೆ ಸೇರಿ, ಏಡಿ ತಿಂದು ಹಿಂಗಾಯ್ತು ಅಂತ ಮೊದಲು ಅನುಮಾನಪಟ್ರು. ಆಮೇಲೆ ಪರೀಕ್ಷೆ ಮಾಡ್ತಾ ಹೋದಂಗೆ ಅದು ರಕ್ತಸಂಬಂಧದಲ್ಲಿ ಇಳಿದು ಬರೋ ಕಾಯಿಲೆ ಅಂತ ಗೊತ್ತಾಯ್ತು. ಪಾವಗಡದ ಕಡೆ ನೀರಿನ ಫ್ಲೋರೈಡಿಂದ ಹಲ್ಲು, ಮೂಳೆ ಹಾಳಾಗಿರೋದು ಬೇರೆಯೇ ಕತೆ. ತಟ್ಟೆಯೊಂದನ್ನೇ ದೂರೋದು ಬೇಡ ಅಂತ ಇಷ್ಟು ಹೇಳಿದೆ.

ನಮ್ಮ ತಟ್ಟೆ ಬದಲಾಗಿದ್ದು ನನ್ನ ಕಣ್ಣ ಮುಂದೆ. ನಾನು ಚಿಕ್ಕೋಳಿದ್ದಾಗ ಅನ್ನ ಅಂದ್ರೆ ಹಬ್ಬ, ಇಲ್ಲ ನೆಂಟರು. ಸ್ಕೂಲಲ್ಲಿ ಅಮೆರಿಕದಿಂದ ಬಂದ ಗೋಧಿ ರವೆ ಉಪ್ಪಿಟ್ಟು. ಆಮೇಲೆ ನ್ಯಾಯಬೆಲೆ ಅಂಗಡಿ ಅಕ್ಕಿ ಬಂತು. 2013ರ ಅನ್ನಭಾಗ್ಯದಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋವರೆಗೂ ಕೊಟ್ರು. ಅದನ್ನ ಹಳಿಯೋಕೆ ನನಗೆ ಮನಸ್ಸಿಲ್ಲ. ಹೊಟ್ಟೆ ತುಂಬಾ ಉಣ್ಣೋದು ಮೊದಲ ಮಾತು, ಕೂಲಿ ಮಾಡೋ ಮನೆಯೋರನ್ನ ಕೇಳಿ ನೋಡಿ. ಆದ್ರೆ ಹಿಟ್ಟು ತೊಳಸೋ ಕೋಲು ಮೂಲೆ ಸೇರಿದ್ದೂ ನಿಜ. ಮುಂದೆ ರೇಷನ್ನಿನಲ್ಲಿ ರಾಗಿಯೂ ಬಂತು ಅನ್ನಿ.

ಹೊಲದಲ್ಲೂ ರಾಗಿ ಹಿಂದೆ ಸರೀತು. ರಾಮನಗರದ ಗೂಡಿನ ಮಾರುಕಟ್ಟೆ ನಂಬಿ ಹಿಪ್ಪುನೇರಳೆ ಹಾಕಿದ್ವಿ. ಕಾಡಂಚಿನ ಹೊಲದೋರಿಗೆ ಆನೆ ಕಾಟ, ತೆನೆ ಹಾಲುಗಟ್ಟೋ ಹೊತ್ತಿಗೆ ಸರಿಯಾಗಿ ಬರ್ತವೆ. ಅಟ್ಟಣೆ ಮೇಲೆ ರಾತ್ರಿ ಎಲ್ಲ ತಮಟೆ ಬಡೀತಾ ಕಾಯೋಕೆ ಈಗ ಹುಡುಗರು ಯಾರಿದ್ದಾರೆ? ರಾಗಿ ಇಷ್ಟಾದ್ರೂ ಉಳಿದಿದೆ ಅಂದ್ರೆ ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ಲಕ್ಷ್ಮಣಯ್ಯನವರ ಪುಣ್ಯ. ರಾಗಿ ಹೂವು ಸಾಸಿವೆಗಿಂತ ಸಣ್ಣದು, ತನ್ನಷ್ಟಕ್ಕೆ ತಾನೇ ಕಾಳು ಕಟ್ಟೋದು. ಅದನ್ನ ಅಡ್ಡ ತಳಿ ಮಾಡೋದು ಹುಡುಗಾಟ ಅಲ್ಲ. ಅವರು ಕೂತು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನ ಕೊಟ್ರು. ಸಾವಿರಾರು ವರ್ಷದ ಹಿಂದೆ ತವರು ಬಿಟ್ಟು ಬಂದೋಳಿಗೆ ತವರಿಂದಲೇ ಸೊಸೆ ತಂದಂಗಾಯ್ತು. ರಾಗಿ ಬ್ರಹ್ಮ ಅಂತ ಜನ ಅವರನ್ನ ಸುಮ್ಮನೆ ಕರೆಯಲಿಲ್ಲ.

ಹಾಲಿನ ಕತೆ ಇನ್ನೂ ವಿಚಿತ್ರ. ಮೊದಲು ಒಂದು ನಾಟಿ ಹಸು, ಎರಡು ಲೀಟರ್ ಹಾಲು, ಅಷ್ಟೂ ಮನೇಲೇ ಮೊಸರು ಮಜ್ಜಿಗೆ ಆಗ್ತಿತ್ತು. ಡೈರಿ ಬಂತು, ಸೀಮೆ ಹಸು ಬಂತು, ಇಪ್ಪತ್ತು ಲೀಟರ್ ಕರೆದ್ರೂ ಕ್ಯಾನಿಗೆ ಸುರಿದ ಮೇಲೆ ಉಳಿಯೋದು ಟೀಗಷ್ಟೇ. ಆ ದುಡ್ಡಲ್ಲೇ ನನ್ನ ಮಗಳು ಎಂ.ಎ. ಓದಿದ್ದು, ಹಂಗಾಗಿ ಡೈರಿ ಬೈದ್ರೆ ನಾನೇ ಸುಳ್ಳಿ ಆಗ್ತೀನಿ. ಈಗ ಸ್ಕೂಲಲ್ಲಿ ಮಕ್ಕಳಿಗೆ ಹಾಲು ಕೊಡ್ತಾರೆ, 2013ರಿಂದ. 2024ರಿಂದ ಅದಕ್ಕೆ ರಾಗಿ ಮಾಲ್ಟೂ ಸೇರಿದೆ. ಮಕ್ಕಳ ಹಗೇವು ತುಂಬೋ ವಯಸ್ಸಲ್ಲಿ ಕೊಡ್ತಿರೋದು, ಇದು ಸರಿಯಾದ ಕೆಲಸ.

ನನಗೆ ಚಿಂತೆ ಇರೋದು ನಮ್ಮ ಸೊಸೆ ವಯಸ್ಸಿನೋರದು. ಬೆಳಕು ಹರಿಯೋ ಮುಂಚೆ ಗಾರ್ಮೆಂಟ್ಸ್ ವ್ಯಾನ್ ಬಂದು ಹಾರನ್ ಹೊಡೆಯುತ್ತೆ. ಡಬ್ಬಿಗೆ ಚಿತ್ರಾನ್ನ. ದಿನವೆಲ್ಲ ಶೆಡ್ಡಿನೊಳಗೆ ಟ್ಯೂಬ್‌ಲೈಟ್ ಕೆಳಗೆ ಕೂತು ಹೊಲಿಗೆ. ಬರೋ ಹೊತ್ತಿಗೆ ಸೂರ್ಯ ಬೆಟ್ಟದ ಹಿಂದೆ. ಭಾನುವಾರ ಬಟ್ಟೆ ಒಣಹಾಕುವಾಗ ಬಿದ್ದಷ್ಟು ಬಿಸಿಲು. ಇಷ್ಟೊಂದು ಬಿಸಿಲಿರೋ ಸೀಮೇಲಿ ಪರದೆ ಇಲ್ಲದೆಯೇ ಕತ್ತಲೆ ಕೋಣೆ ಸೇರ್ಕೊಂಡಂಗಾಯ್ತಲ್ಲ. ಅತ್ತೆಗೆ ಬಿಸಿಲಿತ್ತು, ಪಾಲಿನ ಊಟ ಇರಲಿಲ್ಲ. ಇವಳಿಗೆ ನಾವು ಮೊದಲೇ ಬಡಿಸ್ತೀವಿ, ಬಿಸಿಲಿಲ್ಲ.

ಅತ್ತೆ ವಿಷಯಕ್ಕೆ ಬರ್ತೀನಿ. ಮುರಿದ ದಿನ ಮನೇಲಿ ಎರಡು ಪಕ್ಷ ಆಯ್ತು. ಮೈದುನ "ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸೋಣ" ಅಂದ. ಪುತ್ತೂರು ಕಟ್ಟಿಗೆ ನಮ್ಮ ಸೀಮೆಯಿಂದ ಹೋಗೋರು ಹಿಂದಿನಿಂದಲೂ ಇದ್ದಾರೆ, ಕೈ ಮುರಿದು ಹೋಗಿ ಬಂದೋರನ್ನ ನಾನೇ ಕಂಡಿದೀನಿ. ಆದ್ರೆ ಇದು ತೊಡೆಬುಡ. ಈ ವಯಸ್ಸಲ್ಲಿ ತಿಂಗಳುಗಟ್ಟಲೆ ಮಲಗಿಸಿದ್ರೆ ಮೂಳೆ ಕೂಡೋ ಮುಂಚೆ ಬೆನ್ನು ಹುಣ್ಣು, ಎದೆ ಕಫ ಅವರನ್ನ ಕರ್ಕೊಂಡು ಹೋಗುತ್ತೆ, ಆಪರೇಷನ್ ಮಾಡಿ ಬೇಗ ಕೂರಿಸಬೇಕು ಅಂತ ಡಾಕ್ಟರು ಅಂದ್ರು. ಎರಡು ಎಮ್ಮೆ ಮಾರಿದ್ವಿ. ನಾಲ್ಕನೇ ದಿನ ವಾಕರ್ ಹಿಡಿದು ನಿಂತ್ರು.

ಆ ಸಮಯದಲ್ಲೇ ನನಗೂ ಮೂಳೆ ಸಾಂದ್ರತೆ ಪರೀಕ್ಷೆ ಮಾಡಿದ್ರು, ಡೆಕ್ಸಾ ಅಂತ. ಐದು ವರ್ಷದಿಂದ ನನಗೆ ಸೊಂಟ ನೋವು. ಒಬ್ಬ ಡಾಕ್ಟರು ಹೋದಾಗಲೆಲ್ಲ ನೋವಿನ ಇಂಜೆಕ್ಷನ್ ಚುಚ್ಚಿ ಕಳಿಸಿದ್ರೇ ಹೊರತು ಮೂಳೆ ನೋಡಿಸಿ ಅಂತ ಒಂದು ದಿನ ಅಂದಿರಲಿಲ್ಲ. ಆ ಪರೀಕ್ಷೇಲಿ ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದ್ರೆ ಮೂಳೆ ಟೊಳ್ಳು ಅಂತ ಲೆಕ್ಕ, ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಇಟ್ಟ ಗೆರೆ. ನನ್ನದು ಮೈನಸ್ 2.1. ಗೆರೆ ಅಂಚಲ್ಲಿದೀನಿ. "ಮೂರು ಹೊತ್ತು ಹಿಟ್ಟು ಉಂಡ್ರೆ ಸರಿಹೋಗುತ್ತಾ ಡಾಕ್ಟ್ರೇ?" ಅಂತ ಕೇಳಿದೆ. ಅವರು ನಕ್ಕು, "ಉಣ್ಣಿ ತಾಯಿ, ಆದ್ರೆ ಮಾತ್ರೆ ಬಿಡಬೇಡಿ, ದಿನಾ ನಡೀರಿ, ಬಚ್ಚಲಿಗೆ ಒಂದು ಹಿಡಿ ಹಾಕಿಸಿ" ಅಂದ್ರು. ಹಿಡಿ ಹಾಕಿಸಿದ್ದಾಯ್ತು, ಕಬ್ಬಿಣದ ಪೈಪು, 600 ರೂಪಾಯಿ.

ಈಗ ಅತ್ತೆ ಹತ್ತು ಗಂಟೆ ಬಿಸಿಲಿಗೆ ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂರ್ತಾರೆ. ಮೊಳಕೆ ರಾಗಿ ಪಕ್ಕದಲ್ಲೇ ಒಣಗುತ್ತೆ, ಕೋಳಿ ಓಡಿಸೋ ಕೆಲಸ ಅವರದು. ಮೊನ್ನೆ ಅವರಿಗೆ ಇದನ್ನೆಲ್ಲ ಓದಿ ಹೇಳಿದೆ. ಬಾಣಂತಿ ಪಥ್ಯದ ಹತ್ರ ಬಂದಾಗ ನನ್ನ ತಡೆದು, "ನಿನ್ನ ಬಾಣಂತನದಲ್ಲಿ ನಾನೇ ತಾನೇ ಕಣೇ ಕಿಟಕಿಗೆ ಚೀಲ ಕಟ್ಟಿದ್ದು" ಅಂದ್ರು. ನಾನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಸೊಸೆಗೆ ಮೂರು ತಿಂಗಳು ಅಂದೆಯಲ್ಲ, ಈ ಸಲ ಆ ಕೋಣೆ ಬೇಡ, ಜಗಲಿ ಕಡೆ ರೂಮು ಸುಣ್ಣ ಹೊಡೆಸು" ಅಂದ್ರು. ಅಷ್ಟರಲ್ಲಿ ಕೋಳಿ ಬಂದು ರಾಗಿಗೆ ಬಾಯಿ ಹಾಕ್ತು.